15 ಸಾವಿರದೊಳಗೆ ಸಣ್ಣ ಡಿಜಿಟಲ್ ಕ್ಯಾಮರಾ, ತಂಗಿಗೂ ಅಪ್ಪನಿಗೂ ಒಂದೇ ಸಾಕಾ?

ಕಲ್ಸಂಕ ಸಿಗ್ನಲ್:

ಎಲ್ರಿಗೂ ನಮಸ್ಕಾರ. ಒಂದು ಸಣ್ಣ ಡಿಜಿಟಲ್ ಕ್ಯಾಮರಾ ತಗೊಳ್ಳುವ ಅಂತ ಉಂಟು. ಡಿಎಸ್‌ಎಲ್‌ಆರ್ ಎಲ್ಲ ಅಲ್ಲ, ಮೊದ್ಲು ಎಲ್ಲಾ ಮನೆಯ ಕಪಾಟಲ್ಲೂ ಒಂದು ಇರ್ತಿತ್ತಲ್ಲ, ಮದುವೆಗೆ ಹೋಗುವಾಗ ಅಮ್ಮಂದಿರ ವ್ಯಾನಿಟಿ ಬ್ಯಾಗಿಂದ ಹೊರಗೆ ಬರ್ತಿತ್ತಲ್ಲ, ಆ ತರದ್ದು. ಬಜೆಟ್ 15 ಸಾವಿರ, ತೀರಾ ಅಂದ್ರೆ ಇನ್ನೊಂದೆರಡು ಸಾವಿರ ಎಳಿಬಹುದು.

ಬೇಕಾದವ್ರು ಇಬ್ರು. ತಂಗಿ ಮಣಿಪಾಲದಲ್ಲಿ ಓದುದು, ಅವ್ಳ ಗ್ಯಾಂಗಲ್ಲಿ ಒಬ್ಳ ಹತ್ರ ಹಳೆ ಡಿಜಿಕ್ಯಾಮ್ ಉಂಟಂತೆ, ಎಂಡ್ ಪಾಯಿಂಟಲ್ಲಿ (ಅಲ್ಲಿಯ ಸ್ವರ್ಣಾ ನದಿ ಕಾಣುವ ಜಾಗ) ರಾತ್ರಿ ಫ್ಲ್ಯಾಶ್ ಹಾಕಿ ತೆಗ್ದ ಫೋಟೋ ನೋಡಿ ಇವ್ಳಿಗೂ ಅದೇ ಆಗ್ಬೇಕು, ಫೋನಲ್ಲಿ ಆ ಲುಕ್ ಬರುದಿಲ್ಲ ಅಂತ ಒಂದೇ ಹಠ. ಇನ್ನೊಬ್ರು ಅಪ್ಪ. ಅವ್ರಿಗೆ ಯಕ್ಷಗಾನ ಆಟದ ಹುಚ್ಚು, ಮೇಳ ಹೊರಟ್ರೆ ಪತ್ತನಾಜೆ (ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ದಿನ) ತನಕ ಮನೆಯಲ್ಲಿ ರಾತ್ರಿ ಸಿಗುದೇ ಕಮ್ಮಿ. ಫೋನಲ್ಲಿ ಫೋಟೋ ತೆಗಿಲಿಕ್ಕೆ ಅವ್ರಿಗೆ ಆಗುದಿಲ್ಲ, ಬೆರಳು ಎಲ್ಲಿಯೋ ತಾಗಿ ವಿಡಿಯೋ ಆನ್ ಆಗ್ತದೆ ಇಲ್ಲ ಸೆಲ್ಫಿಗೆ ತಿರುಗ್ತದೆ, ಒತ್ತಿದ್ರೆ ಟಕ್ ಅನ್ನುವ ಒಂದು ಬಟನ್ ಇರುವ ಮಿಷನ್ ತಂದು ಕೊಡು ಸಾಕು ಅಂತಾರೆ.

ನೋಡಿಟ್ಟದ್ದು ಕೊಡಕ್ ಪಿಕ್ಸ್‌ಪ್ರೋ ಎಫ್‌ಝಡ್45, ಅದ್ರ ಮೇಲಿನ ಎಫ್‌ಝಡ್55, ಮತ್ತೆ ಸೆಕೆಂಡ್ ಹ್ಯಾಂಡಲ್ಲಿ ಸೋನಿ ಡಬ್ಲ್ಯೂ830, ಕ್ಯಾನನ್ ಇಕ್ಸಸ್ 185. ಇದಲ್ಲದೆ ಆನ್‌ಲೈನಲ್ಲಿ ಹೆಸರೇ ಕೇಳದ ಕಂಪೆನಿಯದ್ದು "64 ಮೆಗಾಪಿಕ್ಸೆಲ್, 4ಕೆ, 16ಎಕ್ಸ್ ಝೂಮ್" ಅಂತ ಐದಾರು ಸಾವಿರಕ್ಕೆ ತೋರಿಸ್ತಾ ಉಂಟು, ಸೋನಿಯದ್ದೇ 20 ಇರುವಾಗ ಇವ್ರದ್ದು 64 ಹೇಗೆ? ಬಳಸಿದವ್ರು ಹೇಳಿ ಮಾರ್ರೆ. ಯಾವ್ದು ತಗೊಳ್ಳುದು, ಅಥವಾ ತಗೊಳ್ಳುದೇ ಬೇಡವಾ?

ನೀರ್‌ದೋಸೆ:

ತಗೊಳ್ಳುದೇ ಬೇಡ. 15 ಸಾವಿರ ಕೊಟ್ಟು 1/2.3 ಇಂಚಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ತಗೊಳ್ಳುದಾ? ನೀವು ಹೇಳಿದ ನಾಲ್ಕೂ ಕ್ಯಾಮರಾದಲ್ಲಿ ಅದೇ ಇರುದು, ಅಗಲ 6.2 ಮಿಲಿಮೀಟರ್, ಎತ್ತರ 4.6, ಕಿರುಬೆರಳ ಉಗುರಿನಷ್ಟೂ ಇಲ್ಲ. ಈಗಿನ ಮಧ್ಯಮ ದರದ ಫೋನಿನ ಮೇನ್ ಕ್ಯಾಮರಾದಲ್ಲೇ ಇದಕ್ಕಿಂತ ದೊಡ್ಡ ಸೆನ್ಸರ್ ಬರ್ತದೆ, ಲೆನ್ಸ್ ಎಫ್1.8 (ಈ ನಂಬರ್ ಸಣ್ಣ ಆದಷ್ಟು ಬೆಳಕು ಹೆಚ್ಚು), ಮತ್ತೆ ನಾಲ್ಕೈದು ಫ್ರೇಮ್ ಸೇರಿಸಿ ಒಂದು ಮಾಡುವ ನೈಟ್ ಮೋಡ್ ಬೇರೆ. ಈ ಕ್ಯಾಮರಾಗಳಲ್ಲಿ ಝೂಮ್ ಪೂರ್ತಿ ಎಳೆದ್ರೆ ಎಫ್6.3, ಎಫ್6.9 ಅಂತ ಆಗ್ತದೆ. ಲೆಕ್ಕ ಹಾಕಿ ನೋಡಿ, ಎಫ್1.8ಕ್ಕೆ ಹೋಲಿಸಿದ್ರೆ ಎಫ್6.3ರಲ್ಲಿ ಒಳಗೆ ಬರುವ ಬೆಳಕು 12 ಪಟ್ಟು ಕಮ್ಮಿ. ರಾತ್ರಿ ಆಟಕ್ಕೆ ಇದನ್ನು ಹಿಡ್ಕೊಂಡು ಹೋದ್ರೆ ಬಣ್ಣದ ವೇಷ ಯಾವುದು ಸ್ತ್ರೀವೇಷ ಯಾವುದು ಗೊತ್ತಾಗ್ಲಿಕ್ಕಿಲ್ಲ 😄

ಅಪ್ಪನಿಗೆ ಬಟನ್ ಬೇಕಾದ್ರೆ ಫೋನಿನ ವಾಲ್ಯೂಮ್ ಬಟನ್ ಒತ್ತಿದ್ರೂ ಫೋಟೋ ಬರ್ತದೆ. ತಂಗಿಗೆ ಒಂದು ಫಿಲ್ಟರ್ ಆ್ಯಪ್ ಹಾಕಿ ಕೊಡಿ. 15 ಸಾವಿರ ಉಳೀತು.

ಬಿಜೈ ಬಸ್ಸು:

ನೀರ್‌ದೋಸೆಯವ್ರ ಲೆಕ್ಕ ಸರಿ ಉಂಟು, ಆದ್ರೆ ಅವ್ರು ಫೋನಿನ ಮೇನ್ ಲೆನ್ಸಿಗೂ ಕ್ಯಾಮರಾದ ಝೂಮಿನ ತುದಿಗೂ ಹೋಲಿಸಿದ್ದು, ಅದು ನ್ಯಾಯ ಅಲ್ಲ. ಫೋನಲ್ಲಿ ಎಂಟು ಪಟ್ಟು ಝೂಮ್ ಮಾಡಿ ನೋಡಿ, ಬಹಳ ಫೋನಲ್ಲಿ ಅದು ಬರೀ ಕತ್ತರಿಸಿ ಎಳೆದದ್ದು, ಮುಖ ಎಲ್ಲ ಮೇಣದ್ದು ಮಾಡಿಟ್ಟ ಹಾಗೆ ಕಾಣ್ತದೆ. ಇದ್ರಲ್ಲಿ ಹಗಲಿಗೆ ಗಾಜೇ ಮುಂದೆ ಹೋಗಿ ಹತ್ತಿರ ತರ್ತದೆ, ಆ ವ್ಯತ್ಯಾಸ ಹಗಲಲ್ಲಿ ಒಳ್ಳೆ ಕಾಣ್ತದೆ.

ನನ್ನ ಹತ್ರ ಎಫ್‌ಝಡ್45 ಉಂಟು, ಮನೆಯಲ್ಲಿ ಮಕ್ಕಳ ಕೈಲೂ ಇರ್ತದೆ, ಹಾಗಾಗಿ ಬೆಣ್ಣೆ ಹಚ್ಚದೆ ಹೇಳ್ತೇನೆ. ಮೊದ್ಲು ಒಂದು ವಿಷಯ, ಡಬ್ಬಿ ಮೇಲೆ ಕೊಡಕ್ ಅಂತ ಇದ್ರೂ ಇದು ಹಳೆ ಫಿಲ್ಮ್ ರೋಲಿನ ಕೊಡಕ್ ಮಾಡಿದ್ದಲ್ಲ, ಆ ಕಂಪೆನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತ್ತು, ಆಮೇಲೆ ಕ್ಯಾಮರಾಕ್ಕೆ ಹೆಸರು ಮಾತ್ರ ಜೆಕೆ ಇಮೇಜಿಂಗ್ ಅನ್ನುವವ್ರಿಗೆ ಲೈಸೆನ್ಸಿಗೆ ಕೊಟ್ಟದ್ದು. ಹೆಸರು ನೋಡಿ ಕಣ್ಣು ಮುಚ್ಚಿ ತಗೊಳ್ಬೇಡಿ ಅಂತ ಹೇಳಿದ್ದು ಅಷ್ಟೆ, ಕ್ಯಾಮರಾ ಕೆಟ್ಟದ್ದು ಅಂತ ಅಲ್ಲ.

16 ಮೆಗಾಪಿಕ್ಸೆಲ್, 4ಎಕ್ಸ್ ಝೂಮ್, ಅಂದ್ರೆ 27ರಿಂದ 108 ಎಂಎಂ (ನಂಬರ್ ದೊಡ್ಡ ಆದಷ್ಟು ದೂರದ್ದು ಹತ್ತಿರ ಕಾಣ್ತದೆ). ಹಗಲು ಬಿಸಿಲಿಗೆ ಚೆಂದ ಬರ್ತದೆ. ವಿಟ್ಲಪಿಂಡಿ ದಿನ ಮಧ್ಯಾಹ್ನ ರಥಬೀದಿಲಿ ಹುಲಿವೇಷದ ಫೋಟೋ ಲಾಯ್ಕ ಬಂತು, ಹಳದಿ ಬಣ್ಣ ಕಣ್ಣಿಗೆ ಕಂಡ ಹಾಗೇ. ಅದೇ ಸಂಜೆ ಆರೂವರೆ ಮೇಲೆ ಅದೇ ಹುಲಿ ಕುಣಿದ್ರೆ ಕೈ ಎರಡು ಕಡೆ ಎರಡೆರಡು ಕಾಣ್ತದೆ. ಯಾಕಂದ್ರೆ ಬೆಳಕು ಕಮ್ಮಿ ಆದ ಕೂಡ್ಲೆ ಶಟರ್ ನಿಧಾನ ಆಗ್ತದೆ, ಮತ್ತೆ ಈ ಎರಡು ಪಿಕ್ಸ್‌ಪ್ರೋದಲ್ಲೂ ಆಪ್ಟಿಕಲ್ ಸ್ಟೆಬಿಲೈಸೇಶನ್ ಇಲ್ಲ, ಬರೀ ಡಿಜಿಟಲ್. ಕೈ ನಡುಗುದನ್ನು ಲೆನ್ಸ್ ತಡೆಯುದಿಲ್ಲ. ಎಫ್‌ಝಡ್55ರಲ್ಲಿ ಝೂಮ್ 5ಎಕ್ಸ್, ಆದ್ರೆ ಅದ್ರ ಲೆನ್ಸ್ ಶುರುವಾಗುದೇ ಎಫ್3.9ರಿಂದ, ಎಫ್‌ಝಡ್45ರದ್ದು ಎಫ್3. ಅಂದ್ರೆ ರೂಮಿನೊಳಗೆ ಸಾದಾ ತೆಗಿಲಿಕ್ಕೆ ಕಮ್ಮಿ ದರದ್ದೇ ಒಂದು ಕೈ ಮೇಲೆ.

ಬ್ಯಾಟರಿ ವಿಷಯದಲ್ಲಿ ನನ್ನ ಓಟು ಎಫ್‌ಝಡ್45ಕ್ಕೆ. ಎರಡು ಪೆನ್ ಸೆಲ್ ಹಾಕುದು. ಸೈಂಟ್ ಮೇರಿಸ್ ದ್ವೀಪಕ್ಕೆ ಬೋಟ್ ಹತ್ತುವ ಮೊದ್ಲು ಖಾಲಿ ಆದ್ರೆ ಮಲ್ಪೆಲಿ ಯಾವ ಗೂಡಂಗಡಿಲೂ ಸಿಗ್ತದೆ. ಆದ್ರೆ ಸಾದಾ ಸೆಲ್ ಹಾಕಿದ್ರೆ ಫ್ಲ್ಯಾಶಿಗೇ ತಿಂದು ಮುಗಿಸ್ತದೆ, ರೀಚಾರ್ಜ್ ಮಾಡುವ ನಿಕಲ್ ಸೆಲ್ ನಾಲ್ಕು ಮತ್ತೆ ಒಂದು ಚಾರ್ಜರ್ ತಗೊಂಡುಬಿಡಿ, ಅದನ್ನೂ ಬಜೆಟಲ್ಲಿ ಸೇರಿಸಿ.

ಆಗದ್ದು ಎಂತ ಅಂದ್ರೆ ಸ್ಕ್ರೀನು. ಬೀಚಲ್ಲಿ ಹನ್ನೆರಡು ಗಂಟೆ ಬಿಸಿಲಿಗೆ ಎಂತದೂ ಕಾಣುದಿಲ್ಲ, ವ್ಯೂಫೈಂಡರ್ ಇಲ್ಲ, ಅಂದಾಜಿಗೆ ಒತ್ತುದು. ವೈಫೈ ಇಲ್ಲ, ಕಾರ್ಡ್ ತೆಗ್ದು ಒಟಿಜಿ ರೀಡರಿಗೆ ಹಾಕಿ ಫೋನಿಗೆ ಇಳಿಸ್ಬೇಕು, ತಂಗಿಗೆ ಆವತ್ತೇ ಸ್ಟೋರಿ ಹಾಕ್ಬೇಕಾದ್ರೆ ರೀಡರ್ ಬ್ಯಾಗಲ್ಲಿ ಇಟ್ಕೊಳ್ಳಿ ಅನ್ನಿ. ಒತ್ತಿದ ಮೇಲೆ ಫೋಟೋ ಬೀಳ್ಲಿಕ್ಕೆ ಸ್ವಲ್ಪ ತಡ ಉಂಟು. ಅರ್ಧ ಒತ್ತಿ ಹಿಡ್ಕೊಂಡು ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತುದು ಅಭ್ಯಾಸ ಆದ್ರೆ ಆ ತಡ ಬಹಳಷ್ಟು ಕಮ್ಮಿ ಆಗ್ತದೆ.

ಆ 64 ಮೆಗಾಪಿಕ್ಸೆಲ್ ಐದು ಸಾವಿರದ್ದರ ಹತ್ರ ಮಾತ್ರ ಹೋಗ್ಬೇಡಿ ದಯವಿಟ್ಟು. ಅದ್ರ ವಿವರ ಓದಿ ನೋಡಿ, 16ಎಕ್ಸ್ "ಡಿಜಿಟಲ್" ಝೂಮ್ ಅಂತ ಸಣ್ಣಕ್ಕೆ ಬರ್ದಿರ್ತದೆ, ಸೆನ್ಸರ್ ಎಷ್ಟು ಇಂಚು, ಲೆನ್ಸ್ ಎಷ್ಟು ಎಂಎಂ ಎಷ್ಟು ಎಫ್ ಅಂತ ಎಲ್ಲಿಯೂ ಇರುದಿಲ್ಲ. ಆನ್ ಮಾಡಿದ್ರೆ ಲೆನ್ಸ್ ಹೊರಗೆ ಬರುದಿಲ್ಲ ಅಂದ್ರೆ ಅಲ್ಲಿಗೇ ಅನುಮಾನ ಬರ್ಬೇಕು. ಸಣ್ಣ ಸೆನ್ಸರಿನ ಚಿತ್ರವನ್ನು ಸಾಫ್ಟ್‌ವೇರಲ್ಲಿ ಹಿಗ್ಗಿಸಿ 64 ಅಂತ ಬರೆಯುದು ಅದು. ಒಂದು ಸೇರು ಅನ್ನವನ್ನು 64 ಎಲೆಗೆ ಬಡಿಸಿದ ಹಾಗೆ, ಎಲೆ ಹೆಚ್ಚಾಯ್ತು ಅಂತ ಊಟ ಹೆಚ್ಚಾಗುದಿಲ್ಲ. ಮತ್ತೆ ನಮಗೆ ಬೇಕಾದ್ರೂ ಎಷ್ಟು? 4x6 ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು, ಎ4 ಸೈಜಿಗೆ 300 ಡಿಪಿಐಲಿ ಹೊಡ್ಸಿದ್ರೂ 9ರೊಳಗೆ ಮುಗೀತದೆ.

ನೀರ್‌ದೋಸೆ:

64ರದ್ದು ಒಪ್ಪಿದೆ. ಆದ್ರೆ ರಾತ್ರಿಗೆ ಆಗುದಿಲ್ಲ ಅಂತ ನೀವೇ ಹೇಳಿದ್ರಲ್ಲ, ಅವ್ರ ಅಪ್ಪನಿಗೆ ರಾತ್ರಿಗೇ ಬೇಕಾದ್ದು.

ಕೋಟೇಶ್ವರದ್ ಗಂಡ್:

ಹ್ವಾಯ್, ಕಂಬಳಕ್ಕೆ ಈ ಕ್ಯಾಮ್ರಾ ಆತಿಲ್ಲೆ ಅಂದೇಳಿ ಯಾರೂ ಹೇಳ್ಲಿಲ್ಲೆ ಅಲ್ದಾ, ನಾ ಹೇಳ್ತೆ. ಕೋಣ ಮಂಜೊಟ್ಟಿಗೆ (ಓಟ ಮುಗಿಯು ಜಾಗ) ಬಂದ್ ಮುಟ್ಟಿದ್ ಮೇಲೆ ಫೋಟೋ ಬೀಳತ್, ಅದ್ರಗೆ ಬರೀ ನೀರ್ ಕಾಂತ್ 🤣

ಹಳೆ ನೆಗೆಟಿವ್:

ಕಂಬಳಕ್ಕೆ ಉಪಾಯ ಉಂಟು ತಮ್ಮಾ. ಕೋಣ ಬರುವ ಮೊದ್ಲೇ ಕರೆಯ, ಅಂದ್ರೆ ಓಟದ ಗದ್ದೆಯ, ಆಚೆ ಬದಿಗೆ ಒಂದು ಜಾಗಕ್ಕೆ ಅರ್ಧ ಒತ್ತಿ ಫೋಕಸ್ ಹಿಡ್ಕೊಂಡು ಇರ್ಬೇಕು, ಅವು ಚೌಕಟ್ಟಿನೊಳಗೆ ಬರ್ಲಿಕ್ಕೆ ಕೂದಲೆಳೆ ಇರುವಾಗ ಪೂರ್ತಿ ಒತ್ತುದು. ಫ್ಲಡ್ ಲೈಟಿನ ರಾತ್ರಿ ಓಟಕ್ಕೆ ಮಾತ್ರ ಕೈ ಮುಗಿದು ಕೂತು ನೋಡುದೇ ಒಳ್ಳೆದು.

ನಾನು ಸ್ಟುಡಿಯೋ ಇಟ್ಟವ, ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ತೆಗ್ದು ಈಗ ಬಿಟ್ಟಿದ್ದೇನೆ. ಕಲ್ಸಂಕದವ್ರೇ, ನಿಮ್ಮ ಪ್ರಶ್ನೆ ನಿಜಕ್ಕೂ ಎರಡು ಪ್ರಶ್ನೆ, ಅದನ್ನು ಒಂದು ಕ್ಯಾಮರಾದಲ್ಲಿ ಮುಗಿಸ್ಲಿಕ್ಕೆ ಹೋದ್ರೆ ಇಬ್ರಿಗೂ ಅರ್ಧರ್ಧ ಆಗ್ತದೆ.

ತಂಗಿಗೆ ಬೇಕಾದ್ದು ಫ್ಲ್ಯಾಶ್. ಅದು ಫಿಲ್ಟರಲ್ಲಿ ಬರುದಿಲ್ಲ, ಆ ಹುಡುಗಿ ಹೇಳುದು ಸರಿ. ಫೋನಲ್ಲಿ ಇರುದು ಎಲ್‌ಇಡಿ, ಟಾರ್ಚಿನ ಬೆಳಕು ಅದು, ಮಂದ. ಈ ಸಣ್ಣ ಕ್ಯಾಮರಾದಲ್ಲಿ ಇರುದು ಝೀನಾನ್ ಟ್ಯೂಬ್, ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಅಷ್ಟೂ ಬೆಳಕನ್ನು ಒಮ್ಮೆಲೇ ಬಿಡ್ತದೆ. ಅದಕ್ಕೇ ಮುಖ ಬೆಳ್ಳಗೆ, ಹಿಂದೆ ಕಪ್ಪು, ಹಾರುವ ಕೂದಲು ಸಹ ನಿಂತ ಹಾಗೆ ಬರುದು. ಆದ್ರೆ ಅದ್ರ ಕೈ ಮೂರು ಮೀಟರಿನವರೆಗೆ ಮಾತ್ರ. ನಾಲ್ಕು ಜನ ಫ್ರೆಂಡ್ಸ್ ಹತ್ರ ನಿಂತ್ರೆ ಚೆಂದ, ಹಿಂದಿನ ಸ್ವರ್ಣಾ ನದಿ ಸಹ ಬರ್ಬೇಕು ಅಂದ್ರೆ ಬರುದಿಲ್ಲ. ಅವ್ಳಿಗೆ ನಿಮ್ಮ ಪಟ್ಟಿಯಲ್ಲಿದ್ದ ಯಾವ್ದಾದ್ರೂ ಆಗ್ತದೆ, ಅದ್ರಲ್ಲಿ ತಲೆ ಕೆಡಿಸ್ಕೊಳ್ಬೇಡಿ.

ಅಪ್ಪನದ್ದು ಬೇರೆ. ಆಟಕ್ಕೆ ಫ್ಲ್ಯಾಶ್ ಹಾಕುದು ಮೊದಲು ಬಿಡ್ಬೇಕು. ರಂಗಸ್ಥಳ ಮೂರು ಮೀಟರಿಗಿಂತ ದೂರ ಇರ್ತದೆ, ಬೆಳಕು ಎದುರು ಕೂತವ್ರ ಬೋಳು ತಲೆಗೆ ಹೊಡ್ದು ವಾಪಸ್ ಬರ್ತದೆ, ಭಾಗವತರಿಗೂ ವೇಷದವ್ರಿಗೂ ಕಿರಿಕಿರಿ. ಇನ್ನು ಫ್ಲ್ಯಾಶ್ ಇಲ್ಲದೆ ಈ ಕ್ಯಾಮರಾ ಆಗ್ತದಾ ಅಂದ್ರೆ, ಎಲ್ಲಿ ಕೂತ್ಕೊಳ್ತಾರೆ ಅನ್ನುದ್ರ ಮೇಲೆ ಉಂಟು. ಡಬ್ಲ್ಯೂ830 ತಗೊಳ್ಳಿ, ಝೂಮ್ ಮಾಡದೆ ಎಫ್3.3, ಪೂರ್ತಿ ಎಳೆದ್ರೆ ಎಫ್6.3, ಅಂದ್ರೆ ಮೂರೂವರೆ ಪಟ್ಟು ಬೆಳಕು ಹೋಯ್ತು. ಝೂಮ್ ಇಲ್ಲದೆ ಶಟರ್ 1/90 ಸಿಗುವ ಜಾಗದಲ್ಲಿ ಝೂಮ್ ಎಳೆದ ಕೂಡ್ಲೆ 1/25ಕ್ಕೆ ಇಳಿತದೆ, ಅದ್ರಲ್ಲಿ ಧಿಗಿಣ ಹಾರುವವನನ್ನು ಹಿಡಿಲಿಕ್ಕೆ ಸಾಧ್ಯವೇ ಇಲ್ಲ. ಆದ್ರೆ ಎದುರಿನ ಸಾಲಲ್ಲಿ ಕೂತು, ಝೂಮ್ ಮುಟ್ಟದೆ, ಅರ್ಥ ಹೇಳ್ಲಿಕ್ಕೆ ನಿಂತ ಹೊತ್ತಿಗೆ ಅಥವಾ ಕುಣಿತದ ಮುಕ್ತಾಯಕ್ಕೆ ಒಂದು ಕ್ಷಣ ಗಕ್ಕ ನಿಲ್ತಾರಲ್ಲ, ಆಗ ಒತ್ತಿದ್ರೆ ಬರ್ತದೆ. ಆಟ ನೋಡಿ ಅಭ್ಯಾಸ ಇದ್ದವ್ರಿಗೆ ಆ ಕ್ಷಣ ಯಾವಾಗ ಬರ್ತದೆ ಅಂತ ಚೆಂಡೆ ಕೇಳಿಯೇ ಗೊತ್ತಾಗ್ತದೆ, ನಿಮ್ಮ ಅಪ್ಪನಿಗೆ ಇದು ಹೇಳಿ ಕೊಡ್ಬೇಕಾಗಿಲ್ಲ.

ಇನ್ನೊಂದು, ರಂಗಸ್ಥಳದಲ್ಲಿ ವೇಷದ ಮೇಲೆ ಮಾತ್ರ ಬೆಳಕು, ಹಿಂದೆ ಸುತ್ತ ಕತ್ತಲೆ. ಕ್ಯಾಮರಾ ಕತ್ತಲೆ ನೋಡಿ ಹೆದರಿ ಎಲ್ಲವನ್ನೂ ಬೆಳಗಿಸ್ಲಿಕ್ಕೆ ಹೋಗ್ತದೆ, ಆಗ ಮುಖದ ಬಣ್ಣ ಪೂರ್ತಿ ಬಿಳಿ ಆಗಿ ಹೋಗ್ತದೆ, ಕಿರೀಟದ ಕುಸುರಿ ಎಲ್ಲ ಬರೀ ಹೊಳಪು. ಮೆನುವಿನಲ್ಲಿ ಪ್ಲಸ್ ಮೈನಸ್ ಚಿಹ್ನೆ ಇರುವ ಎಕ್ಸ್‌ಪೋಷರ್ ಅಂತ ಇರ್ತದೆ, ಅದನ್ನು ಮೈನಸ್ 1ಕ್ಕೆ ಇಟ್ಟು ಬಿಡಿ. ಮುಖದ ಗೆರೆ ವಾಪಸ್ ಬರ್ತದೆ, ಅಷ್ಟೇ ಅಲ್ಲ, ಶಟರ್ ಸಹ ಡಬಲ್ ಸ್ಪೀಡ್ ಆಗ್ತದೆ. ಐಎಸ್‌ಒ (ಕಮ್ಮಿ ಬೆಳಕಲ್ಲಿ ಫೋಟೋ ಬೆಳಗಿಸುವ ಸೆಟ್ಟಿಂಗ್) 800ಕ್ಕಿಂತ ಮೇಲೆ ಬಿಡ್ಬೇಡಿ, ಈ ಸೈಜಿನ ಸೆನ್ಸರಲ್ಲಿ ಅದ್ರಿಂದ ಮೇಲೆ ಹೋದ್ರೆ ರವೆ ಚೆಲ್ಲಿದ್ದೇ.

ಫ್ಲ್ಯಾಶ್ ಹಾಕ್ಲೇಬೇಕು ಅಂತ ಆಸೆ ಇದ್ರೆ ಚೌಕಿಗೆ ಹೋಗ್ಲಿ, ಬಣ್ಣ ಹಾಕುವಾಗ ಕೇಳಿ ಒಪ್ಪಿಗೆ ತಗೊಂಡು ಎರಡು ಮೀಟರ್ ದೂರದಿಂದ ತೆಗೀಲಿ. ಇಂಥ ಕ್ಯಾಮರಾಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ.

ಕಲ್ಸಂಕ ಸಿಗ್ನಲ್:

ಭಾರಿ ಉಪಕಾರ ಆಯ್ತು ಮಾವ (ಮಾವ ಅಂದ್ರೆ ಬೇಜಾರಿಲ್ಲ ಅಲ್ವಾ). ಅಪ್ಪ ಯಾವಾಗ್ಲೂ ಎದುರಿನ ಸಾಲೇ, ಏಳು ಗಂಟೆಗೇ ಹೋಗಿ ಕುರ್ಚಿಗೆ ಬೈರಾಸು ಹಾಕಿ ಬರುವ ಜನ. ಅವ್ರಿಗೆ ಈ ನಿಮ್ಮ ಮೆಸೇಜ್ ಓದಿ ಹೇಳಿದೆ, ಚೆಂಡೆದು ಕೇಳಿ ಭಾರಿ ಖುಷಿ ಆದ್ರು.

ಮಂಗಳೂರಲ್ಲಿ ಹಂಪನಕಟ್ಟೆ ಹತ್ರ ಒಬ್ರು ಡಬ್ಲ್ಯೂ830 ಕೊಡ್ತೇನೆ ಅಂದಿದ್ದಾರೆ, ಚಾರ್ಜರ್ ಬ್ಯಾಟರಿ ಎಲ್ಲ ಉಂಟಂತೆ. ಭಾನುವಾರ ಹೋಗಿ ನೋಡ್ಲಿಕ್ಕೆ ಉಂಟು. ಎಂತೆಂತ ನೋಡ್ಬೇಕು? ಮತ್ತೆ ತಂಗಿ ಹೇಳುದು ಹಳೆ ಜಾತಿಯ ಸಿಸಿಡಿ ಸೆನ್ಸರೇ ಆಗ್ಬೇಕು, ಈಗಿನ ಜಾತಿಯ ಸಿಮೋಸ್ ಬೇಡ, ಬಣ್ಣ ಬೇರೆಯೇ ಬರ್ತದೆ ಅಂತ. ಅದು ನಿಜವಾ?

ಬಿಜೈ ಬಸ್ಸು:

ಸಿಸಿಡಿ ಕತೆ ಇನ್‌ಸ್ಟಾದಲ್ಲಿ ಹಬ್ಬಿದ್ದು. ಬಣ್ಣ ಬರುದು ಸೆನ್ಸರಿನ ಜಾತಿಯಿಂದ ಅಲ್ಲ, ಅದ್ರ ಮೇಲಿನ ಕಲರ್ ಫಿಲ್ಟರ್ ಮತ್ತೆ ಕಂಪೆನಿ ಒಳಗೆ ಜೆಪೆಗ್ (ಫೋಟೋ ಫೈಲ್) ಹೇಗೆ ಮಾಡ್ತದೆ ಅನ್ನುದ್ರಿಂದ. ಹಳೆ ಕ್ಯಾಮರಾ ಫೋಟೋ ಚೆಂದ ಕಾಣುದು ಫ್ಲ್ಯಾಶಿನ ಬೆಳಕಿಗೆ, ಮತ್ತೆ ಫೋನಿನ ಹಾಗೆ ನೆರಳನ್ನೆಲ್ಲ ಎತ್ತಿ ಸಪಾಟು ಮಾಡುದಿಲ್ಲ, ಕಪ್ಪು ಕಪ್ಪೇ ಇರ್ತದೆ, ಅಷ್ಟೇ ಅದ್ರ ಗುಟ್ಟು. ಸಿಸಿಡಿಗೆ ತೊಂದ್ರೆ ಸಹ ಉಂಟು, ಸೂರ್ಯ ಅಥವಾ ಲೈಟ್ ಎದುರು ಇಟ್ಟು ವಿಡಿಯೋ ತೆಗೆದ್ರೆ ಮೇಲಿಂದ ಕೆಳಗೆ ಒಂದು ನೇರಳೆ ಗೀಟು ಎಳೀತದೆ. ಡಬ್ಲ್ಯೂ830, ಇಕ್ಸಸ್ 185 ಎರಡರಲ್ಲೂ ವಿಡಿಯೋ 720ಪಿ ಮಾತ್ರ, ಪಿಕ್ಸ್‌ಪ್ರೋದಲ್ಲಿ 1080 ಬರ್ತದೆ. ವಿಡಿಯೋಕ್ಕೆ ಹೇಗೂ ಫೋನ್ ಇರ್ತದಲ್ಲ ಅಂತಾದ್ರೆ ಅದು ದೊಡ್ಡ ವಿಷಯ ಅಲ್ಲ.

ಡಬ್ಲ್ಯೂ830ರ ಪರವಾಗಿ ಒಂದು ಮಾತು, ಅದು 2014ರ ಮಾಡೆಲ್ ಆದ್ರೂ 8ಎಕ್ಸ್ ಝೂಮ್, 25ರಿಂದ 200 ಎಂಎಂ, ಮತ್ತೆ ಆಪ್ಟಿಕಲ್ ಸ್ಟೆಬಿಲೈಸೇಶನ್ ಉಂಟು. ಇಕ್ಸಸ್ 185ರಲ್ಲಿ ಅದಿಲ್ಲ. ಅಪ್ಪನ ಕೈ ಸ್ವಲ್ಪ ನಡುಗುದಾದ್ರೆ ನಾಲ್ಕರಲ್ಲಿ ಇದೇ ಸರಿ. ಡಬ್ಲ್ಯೂ800 ಅಂತ ಇನ್ನೊಂದು ನೋಡ್ಲಿಕ್ಕೆ ಹೀಗೇ ಇರ್ತದೆ, ಅದ್ರಲ್ಲಿ 5ಎಕ್ಸ್ ಮಾತ್ರ, ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇಲ್ಲ, ನಂಬರ್ ಸರಿ ನೋಡಿಯೇ ದುಡ್ಡು ಕೊಡಿ.

ನೀರ್‌ದೋಸೆ:

2014ರ ಸೆಕೆಂಡ್ ಹ್ಯಾಂಡಿಗೆ ಹೊಸದ್ದರ ರೇಟು ಕೇಳ್ತಾರೆ ಈಗ. ಕೆಲವು ಕಡೆ ಹೊಸದಿರುವಾಗ ಇದ್ದದ್ದಕ್ಕಿಂತಲೂ ಹೆಚ್ಚು. 2010ರಲ್ಲಿ ಪ್ರಪಂಚಕ್ಕೆ ವರ್ಷಕ್ಕೆ 12 ಕೋಟಿ ಮೇಲೆ ಡಿಜಿಟಲ್ ಕ್ಯಾಮರಾ ಹೋಗ್ತಿತ್ತು, ಅದ್ರಲ್ಲಿ ಹೆಚ್ಚಿನದ್ದು ಇದೇ ಕಿಸೆ ಕ್ಯಾಮರಾ. ಅಷ್ಟೆಲ್ಲ ಎಲ್ಲಿಗೆ ಹೋಗುದು? ನಿಮ್ಮದೇ ಅತ್ತೆ, ದೊಡ್ಡಮ್ಮ, ಮಸ್ಕತ್ ದುಬಾಯಿಂದ ಬಂದ ಚಿಕ್ಕಪ್ಪ ಯಾರಾದ್ರೂ ಒಬ್ರ ಕಪಾಟಲ್ಲಿ ಒಂದು ಬಿದ್ದಿರ್ತದೆ. ತಂಗಿಗೆ ಅದು ಕೇಳಿ ನೋಡಿ, ಪುಕ್ಕಟೆ. ಆಮೇಲೆ ಅಪ್ಪನಿಗೆ ಪೂರ್ತಿ 15 ಸಾವಿರ ಉಳೀತದೆ.

ಹಳೆ ನೆಗೆಟಿವ್:

ಈಗ ನೀರ್‌ದೋಸೆ ಒಂದು ಒಳ್ಳೆ ಮಾತು ಹೇಳಿದ್ರು. ಗಲ್ಫಿಂದ ತಂದ ಕ್ಯಾಮರಾ ಇಲ್ಲದ ಮನೆ ನಮ್ಮ ಕಡೆ ಹುಡುಕ್ಬೇಕು. ಆದ್ರೆ ಅದ್ರಲ್ಲೂ ತೊಂದ್ರೆ ಅದೇ ಕಪಾಟು, ಮಳೆಗಾಲ, ಬೂಸ್ಟು.

ಭಾನುವಾರ ಹೋಗುವಾಗ ನಿಮ್ಮದೇ ಒಂದು ಕಾರ್ಡ್ ತಗೊಂಡು ಹೋಗಿ. 32 ಜಿಬಿ ಕ್ಲಾಸ್ 10 ಸಾಕು, ದೊಡ್ದು ಬೇಡ. ಮೊದ್ಲು ಆಫ್ ಇರುವಾಗ ಕ್ಯಾಮರಾವನ್ನು ಕಿವಿ ಹತ್ರ ಸಣ್ಣಕ್ಕೆ ಅಲ್ಲಾಡಿಸಿ, ಆನ್ ಮಾಡಿ ಝೂಮ್ ಮೂರ್ನಾಲ್ಕು ಸಲ ಹೊರಗೆ ಒಳಗೆ ಮಾಡಿ. ಕರಕರ ಅಂತ ಶಬ್ದ ಬಂದ್ರೆ ಬೀಚಿನ ಹೊಯ್ಗೆ ಒಳಗೆ ಹೋಗಿದೆ ಅಂತ ಲೆಕ್ಕ, ಪಣಂಬೂರು ಮಲ್ಪೆ ಅಂತ ತಿರುಗಿದ ಕ್ಯಾಮರಾಗಳ ಸಾಮಾನ್ಯ ಕಾಯಿಲೆ ಅದು, ಒಂದು ದಿನ ಲೆನ್ಸ್ ಎರರ್ ಅಂತ ಬರ್ದು ನಿಂತ್ರೆ ರಿಪೇರಿಗೆ ಕ್ಯಾಮರಾದ ಅರ್ಧ ದರ ಹೋಗ್ತದೆ.

ಆಮೇಲೆ ಫೋನಿನ ಟಾರ್ಚ್ ಲೆನ್ಸಿಗೆ ಓರೆಯಾಗಿ ಹಿಡೀರಿ, ನೇರ ಅಲ್ಲ. ಒಳಗೆ ಜೇಡರ ಬಲೆ ತರ ಸಣ್ಣ ಸಣ್ಣ ಎಳೆ ಅಂಚಿಂದ ನಡುವಿಗೆ ಹಬ್ಬಿದ್ದು ಕಂಡ್ರೆ ಅದು ಫಂಗಸ್, ಒರೆಸಿದ್ರೆ ಹೋಗುವಂಥದ್ದಲ್ಲ, ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಹೊರಗೆ ಬಂದು ಝೂಮ್ ಪೂರ್ತಿ ಎಳೆದು ಖಾಲಿ ಆಕಾಶಕ್ಕೆ ಒಂದು ಫೋಟೋ ಹೊಡೀರಿ, ಸೆನ್ಸರಲ್ಲಿ ಧೂಳಿದ್ರೆ ಬೂದು ಚುಕ್ಕೆ ಆಗಿ ಅಲ್ಲಿ ಸಿಕ್ಕಿಬೀಳ್ತದೆ. ಹಾಗೇ ಅಂಗಡಿ ಬೋರ್ಡ್ ಇರುವ ಎದುರಿನ ಕಟ್ಟಡಕ್ಕೆ ಒಂದು, ಅದನ್ನು ದೊಡ್ದು ಮಾಡಿ ನಾಲ್ಕು ಮೂಲೆ ನೋಡಿ. ನಾಲ್ಕೂ ಕಡೆ ಸ್ವಲ್ಪ ಮಬ್ಬಿದ್ರೆ ಪರ್ವಾಗಿಲ್ಲ, ಈ ದರದ ಲೆನ್ಸ್ ಅಷ್ಟೆ. ಒಂದೇ ಬದಿ ತೀರಾ ಮಬ್ಬಿದ್ರೆ ಕ್ಯಾಮರಾ ಎಲ್ಲಿಯೋ ಬಿದ್ದದ್ದು. ಫ್ಲ್ಯಾಶ್ ಹಾಕಿ ಬೆನ್ನು ಬೆನ್ನಿಗೆ ಐದಾರು ಸಲ ಹೊಡೀರಿ, ಬ್ಯಾಟರಿ ಚಿಹ್ನೆ ಅಷ್ಟರಲ್ಲೇ ಒಂದು ಗೆರೆ ಇಳಿದ್ರೆ ಬ್ಯಾಟರಿ ಮುದುಕ. ತೆಗ್ದು ಮೇಜಿನ ಮೇಲೆ ಮಲಗಿಸಿ ತಿರುಗಿಸಿ ನೋಡಿ, ಬುಗುರಿ ತರ ತಿರುಗಿದ್ರೆ ಉಬ್ಬಿದೆ, ಅಂಥದ್ದನ್ನು ಚಾರ್ಜಿಗೆ ಹಾಕ್ಲಿಕ್ಕೇ ಹೋಗ್ಬೇಡಿ.

ತಂದ ಮೇಲೆ ಇಡುದು ಹೇಗೆ ಅನ್ನುದು ನಮ್ಮೂರಲ್ಲಿ ಕ್ಯಾಮರಾ ತಗೊಳ್ಳುದಕ್ಕಿಂತ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮದ ಪೌಚಲ್ಲಿ ಹಾಕಿ ಕಪಾಟಲ್ಲಿ ಇಟ್ರೆ ಚರ್ಮ ಪಸೆ ಹೀರಿಕೊಂಡು ಲೆನ್ಸಿಗೆ ಕೊಡ್ತದೆ. ಗಾಳಿ ಹೋಗದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಒಂದು, ಅದ್ರಲ್ಲಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಒಂದು ಮುಷ್ಟಿ, ಬಟ್ಟೆ ಗಂಟು ಕಟ್ಟಿ ಹಾಕಿ, ಬಣ್ಣ ಬದಲಾದ್ರೆ ಅಡುಗೆಗೆ ಬಳಸದ ಹಳೆ ಕಾವಲಿಲಿ ಸಣ್ಣ ಉರಿಲಿ ಬಿಸಿ ಮಾಡಿ ಪುನಃ ಹಾಕುದು. ಅಕ್ಕಿಯಲ್ಲಿ ಹೂತಿಡುದು ಮಾತ್ರ ಬೇಡ, ಅದ್ರ ಹೊಡಿ ಲೆನ್ಸಿನ ಸಂದಿಗೆ ಹೋಗ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೊರಗೆ ತೆಗ್ದು ನಾಲ್ಕು ಫೋಟೋ ತೆಗೀಲಿ, ಬಳಸಿದ ಕ್ಯಾಮರಾಕ್ಕೆ ಬೂಸ್ಟು ಹಿಡಿಯುದು ಕಮ್ಮಿ.

ಕೋಟೇಶ್ವರದ್ ಗಂಡ್:

ನಮ್ಮನೇಲೂ ಅಮ್ಮ ಒಂದ್ ಕ್ಯಾಮ್ರಾ ಸೀರೆ ಅಡೀಗ್ ಇಟ್ಟಿತ್, ಕಾಣ್ಕ್ ಈಗ. ಬೂಸ್ಟ್ ಬಂದಿರತ್ತೊ ಎಂತದೊ.

ಕಲ್ಸಂಕ ಸಿಗ್ನಲ್:

ಕೋಟೇಶ್ವರದವ್ರೇ, ಚೆಂದ ಇದ್ರೆ ನಮಗೇ ಕೊಡಿ 😀

ನೀರ್‌ದೋಸೆಯವ್ರು ಹೇಳಿದ್ದಕ್ಕೆ ಈಗಷ್ಟೇ ಬ್ರಹ್ಮಾವರದ ಅತ್ತೆಗೆ ಫೋನ್ ಮಾಡಿದೆ, ಅವ್ರ ಹತ್ರ ನಿಕಾನ್ ಕೂಲ್‌ಪಿಕ್ಸ್ ಒಂದು ಉಂಟಂತೆ, ಪೆನ್ ಸೆಲ್ಲಿದ್ದು, ಮಾಡೆಲ್ ನಂಬರ್ ಓದ್ಲಿಕ್ಕೆ ಕನ್ನಡಕ ಸಿಗ್ಲಿಲ್ಲ. ನಾಳೆ ತಂಗಿಯನ್ನು ಕಳಿಸ್ತೇನೆ. ಟಾರ್ಚ್ ಓರೆ ಹಿಡಿದು ನೋಡು ಅಂತ ಹೇಳಿ ಕಳಿಸ್ತೇನೆ.

ಹಾಗಾದ್ರೆ ಅಪ್ಪನಿಗೆ ಹಂಪನಕಟ್ಟೆಯ ಡಬ್ಲ್ಯೂ830 ಸಾಕಾ, ಇಲ್ಲ 15 ಸಾವಿರ ಪೂರ್ತಿ ಇಟ್ರೆ ಇನ್ನೂ ಒಳ್ಳೆದು ಎಂತಾದ್ರೂ ಸಿಗ್ತದಾ? ಅವ್ರಿಗೆ ಮೆನು ಎಲ್ಲ ಬೇಡ, ಬಟನ್ ಒಂದು ಸಾಕು.

ಹಳೆ ನೆಗೆಟಿವ್:

ಸಿಕ್ಕಿದ್ರೆ ಸೋನಿ ಆರ್‌ಎಕ್ಸ್100, ಮೊದಲನೆಯದ್ದು, 2012ರದ್ದು. ಕಿಸೆಗೆ ಹೋಗ್ತದೆ, ಆದ್ರೆ ಸೆನ್ಸರ್ ಒಂದು ಇಂಚು ಅನ್ನುವ ಜಾತಿ, 13.2ಕ್ಕೆ 8.8 ಮಿಲಿಮೀಟರ್, ನೀವು ನೋಡಿದ್ದರ ನಾಲ್ಕು ಪಟ್ಟು ವಿಸ್ತೀರ್ಣ. ಲೆನ್ಸ್ ಎಫ್1.8ರಿಂದ ಶುರು. ಎದುರಿನ ಸಾಲಲ್ಲಿ ಝೂಮ್ ಇಲ್ಲದೆ ಕೂತವ್ರಿಗೆ ಡಬ್ಲ್ಯೂ830ಕ್ಕಿಂತ ಮೂರು ಪಟ್ಟು ಮೇಲೆ ಬೆಳಕು ಲೆನ್ಸಿನಿಂದಲೇ ಸಿಗ್ತದೆ, ಸೆನ್ಸರಿನ ಲಾಭ ಬೇರೆ. ಝೂಮ್ 28ರಿಂದ 100 ಎಂಎಂ ಮಾತ್ರ, ಅದು ಅಪ್ಪನಿಗೆ ಬೇಡವೇ ಬೇಡ. ನಿಮ್ಮ ಬಜೆಟಿಗೆ ಒಳ್ಳೆ ಕಂಡೀಶನಿನದ್ದು ಸಿಗುದು ಅದೃಷ್ಟದ ಮೇಲೆ, ಸ್ವಲ್ಪ ಸಮಯ ಕಾದು ನೋಡಿ, ಮೇಳ ಹೊರಡ್ಲಿಕ್ಕೆ ಹೇಗೂ ದಿನ ಉಂಟಲ್ಲ.

ಯಾವ್ದೇ ತಗೊಂಡ್ರೂ ನೀವೇ ಒಂದ್ಸಲ ಕೂತು ಫ್ಲ್ಯಾಶ್ ಆಫ್, ಡಿಜಿಟಲ್ ಝೂಮ್ ಆಫ್, ಎಕ್ಸ್‌ಪೋಷರ್ ಮೈನಸ್ 1, ಐಎಸ್‌ಒ 800, ತಾರೀಕು ಸರಿ ಅಂತ ಮಾಡಿ ಕೊಡಿ. ಇದೆಲ್ಲ ಪಿ ಅಂತ ಇರುವ ಪ್ರೋಗ್ರಾಮ್ ಮೋಡಲ್ಲಿ ಮಾಡ್ಬೇಕು, ಪೂರ್ತಿ ಆಟೋದಲ್ಲಿ ಇಟ್ರೆ ಅದು ತನಗೆ ತೋಚಿದ್ದು ಮಾಡ್ತದೆ. ಆಮೇಲೆ ಅವ್ರು ಮೆನು ಮುಟ್ಟುದೇ ಬೇಡ.

ಬಿಜೈ ಬಸ್ಸು:

ಅತ್ತೆಯ ಕೂಲ್‌ಪಿಕ್ಸ್ ತರುವಾಗ ಸೆಲ್ ಹಾಕುವ ಮುಚ್ಚಳ ತೆಗ್ದು ನೋಡ್ಲಿಕ್ಕೆ ಹೇಳಿ ತಂಗಿಗೆ. ಹಳೆ ಸೆಲ್ ಒಳಗೇ ಬಿಟ್ಟಿದ್ರೆ ಸೋರಿ ಸ್ಪ್ರಿಂಗಿಗೆ ಬಿಳಿ ಹೊಡಿ ಹಿಡಿದಿರ್ತದೆ. ಕಮ್ಮಿ ಇದ್ರೆ ಇಯರ್ ಬಡ್‌ಗೆ ಒಂದು ಹನಿ ವಿನೆಗರ್ ಮುಟ್ಟಿಸಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ ನೋಡುದು. ಮತ್ತೆ ಕಾರ್ಡ್ ತೀರಾ ಹಳತು 2 ಜಿಬಿದ್ದು ಇದ್ರೆ ಬಿಸಾಡ್ಬೇಡಿ, ತುಂಬ ಹಳೆ ಮಾಡೆಲ್ ಆದ್ರೆ ಅದಕ್ಕಿಂತ ದೊಡ್ಡ ಕಾರ್ಡ್ ತಗೊಳ್ಳುದೇ ಇಲ್ಲ. ಅದ್ರಲ್ಲಿ ಅತ್ತೆ ಮನೆಯ ಹಳೆ ಫೋಟೋ ಎಲ್ಲ ಇರ್ಲಿಕ್ಕೂ ಸಾಕು, ಫಾರ್ಮ್ಯಾಟ್ ಹೊಡಿಯುವ ಮೊದ್ಲು ಕಾಪಿ ಮಾಡ್ಕೊಳ್ಳಿ ಆಯ್ತಾ.